ಲ್ಯಾಪ್‌ಟಾಪ್‌ನಲ್ಲಿ ಬ್ಲೆಂಡರ್ ನೀರು: ಬೇಕ್ ಪ್ರೊಸೆಸರ್‌ನದು, ರೆಂಡರ್ ಕಾರ್ಡ್‌ನದು

3ಡಿ ಅನಿಮೇಷನ್ ಮಾಡುವ ತಂತ್ರಾಂಶ ಬ್ಲೆಂಡರ್‌ನ ಫ್ಲೂಯಿಡ್ ಸಿಮ್ಯುಲೇಷನ್, ಅಂದರೆ ನೀರು, ಹೊಗೆ ಹೇಗೆ ಚಲಿಸುತ್ತದೆ ಅಂತ ಲೆಕ್ಕ ಹಾಕುವ ಸೌಲಭ್ಯ, ನನಗೆ ತುಂಬಾ ಇಷ್ಟ. ಲೋಟಕ್ಕೆ ನೀರು ಸುರಿಯುವ ಒಂದು ಪುಟ್ಟ ದೃಶ್ಯಕ್ಕೂ ಅದನ್ನೇ ಬಳಸುತ್ತೇನೆ. ಆದರೆ ಅದರಿಂದ ಏನು ನಿರೀಕ್ಷಿಸಬೇಕು ಅನ್ನೋದು ಗೊತ್ತಿರಬೇಕು.

2020ರಲ್ಲಿ 2.82 ಆವೃತ್ತಿಯ ಜೊತೆ ಬಂದ ಮ್ಯಾಂಟಾಫ್ಲೋ (ಈ ಸಿಮ್ಯುಲೇಷನ್ ನಡೆಸುವ ಎಂಜಿನ್) ಲೆಕ್ಕವನ್ನೆಲ್ಲ ಪ್ರೊಸೆಸರ್‌ನಲ್ಲೇ ಮಾಡುತ್ತದೆ. ಬೇಕ್, ಅಂದರೆ ನೀರಿನ ಚಲನೆಯನ್ನು ಮೊದಲೇ ಲೆಕ್ಕ ಹಾಕಿ ಉಳಿಸುವ ಕೆಲಸ, ಶುರು ಮಾಡಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಪ್ರೊಸೆಸರ್ ಗೆರೆ ಮೇಲೇರುತ್ತದೆ, ಗ್ರಾಫಿಕ್ಸ್ ಕಾರ್ಡ್ ಬಹುತೇಕ ಸುಮ್ನೆ ಇರುತ್ತದೆ. ಅದು ಕೆಟ್ಟಿಲ್ಲ, ಅದಕ್ಕೆ ಅಲ್ಲಿ ಕೆಲಸವೇ ಇಲ್ಲ. ಬೇಕ್ ಬೇಗ ಆಗಲಿ ಅಂತ ಕಾರ್ಡ್‌ಗೆ ದುಡ್ಡು ಸುರಿಯಬೇಡಿ. ಎಲ್ಲಾ ಕೋರ್‌ಗಳೂ ಎಲ್ಲಾ ಹಂತದಲ್ಲೂ ಪೂರ್ತಿ ದುಡಿಯುವುದಿಲ್ಲ, ಹಾಗಾಗಿ ಕೋರ್ ಸಂಖ್ಯೆಯ ಜೊತೆ ಒಂದೊಂದು ಕೋರ್‌ನ ವೇಗವನ್ನೂ ನೋಡಿ.

ನಿಜವಾದ ತೊಡಕು ಬಿಸಿ. ಮೊದಲ ಫ್ರೇಮ್‌ಗಳು ಸರಸರ ಆಗುತ್ತವೆ, ಆಮೇಲೆ ಪ್ರೊಸೆಸರ್ ಕಾದು ತಾನೇ ವೇಗ ಇಳಿಸುತ್ತದೆ. ಚಾರ್ಜರ್ ಹಾಕಿಯೇ ಬೇಕ್ ಮಾಡಿ, ಬ್ಯಾಟರಿಯಲ್ಲಿ ವೇಗ ಇನ್ನೂ ಕಡಿಮೆ. ರಾತ್ರಿಯಿಡೀ ಓಡಿಸುವುದಿದ್ದರೆ ನಾನು ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು 99%ಕ್ಕೆ ಇಡುತ್ತೇನೆ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇದರಿಂದ ಟರ್ಬೊ (ಪ್ರೊಸೆಸರ್ ಆಗಾಗ ವೇಗ ಏರಿಸಿಕೊಳ್ಳುವುದು) ನಿಲ್ಲುತ್ತದೆ. ಸಮಯ ಜಾಸ್ತಿ ಹಿಡಿಯಬಹುದು, ಆದರೆ ಫ್ಯಾನ್ ಅರಚುವುದಿಲ್ಲ.

ರೆಸಲ್ಯೂಷನ್ ಡಿವಿಷನ್ಸ್, ಅಂದರೆ ನೀರಿನ ಜಾಗವನ್ನು ಎಷ್ಟು ಸಣ್ಣ ಕೋಶಗಳಾಗಿ ಒಡೆಯಬೇಕು ಅನ್ನುವ ಸೆಟ್ಟಿಂಗ್, ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 64 ಅನ್ನು 128 ಮಾಡಿದರೆ ಕೆಲಸ ಎರಡು ಪಟ್ಟು ಅಂದುಕೊಳ್ಳುತ್ತಾರೆ. ಉದ್ದ, ಅಗಲ, ಎತ್ತರ ಮೂರರಲ್ಲೂ ಭಾಗಗಳು ದುಪ್ಪಟ್ಟಾಗುತ್ತವೆ, ಅಂದರೆ ಕೋಶಗಳು 8 ಪಟ್ಟು. ಜೊತೆಗೆ ಕೋಶ ಸಣ್ಣದಾದಷ್ಟೂ ನೀರು ಅದನ್ನು ಬೇಗ ದಾಟುತ್ತದೆ, ಒಂದೊಂದು ಫ್ರೇಮ್‌ಗೂ ಹೆಚ್ಚು ಹೆಜ್ಜೆ ಬೇಕಾಗಬಹುದು. ರ‍್ಯಾಮ್ ತುಂಬಿಬಿಟ್ಟರಂತೂ ಕಥೆ ಮುಗಿಯಿತು, ಆಮೇಲೆ ಎಲ್ಲಾ ತೆವಳುತ್ತದೆ. ನೀರಿನ ಓಟ ಸರಿ ಬರುವ ತನಕ 64 ದಾಟಲೇಬೇಡಿ.

ಬೇಕ್ ಮಾಡಿದ್ದು ಡಿಸ್ಕ್‌ನಲ್ಲಿ ಉಳಿಯುವುದೇ ಕ್ಯಾಶ್. ಅದರ ಸೆಟ್ಟಿಂಗ್‌ನಲ್ಲಿ ಕ್ಯಾಶ್ ಟೈಪ್ ಮಾಡ್ಯುಲರ್ ಇರಲಿ, ರಿಸ್ಯೂಮಬಲ್‌ಗೆ ಟಿಕ್ ಇರಲಿ. ನಡುವೆ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ಡಿಸ್ಕ್ ಜಾಗ ಜಾಸ್ತಿ ತಿನ್ನುತ್ತದೆ, ತಿನ್ನಲಿ. ಕ್ಯಾಶ್ ಫೋಲ್ಡರನ್ನು ಎಸ್‌ಎಸ್‌ಡಿಯಲ್ಲಿ ನೀವೇ ಆರಿಸಿ.

ಇನ್ನು ರೆಂಡರ್, ಅಂದರೆ ದೃಶ್ಯದಿಂದ ಅಂತಿಮ ಚಿತ್ರ ತೆಗೆಯುವುದು. ಇಲ್ಲಿ ಕಾರ್ಡ್ ತನ್ನ ಬೆಲೆ ತೀರಿಸುತ್ತದೆ. ಪ್ರಿಫರೆನ್ಸಸ್‌ನ ಸಿಸ್ಟಮ್ ಭಾಗದಲ್ಲಿ ಆಪ್ಟಿಕ್ಸ್ (ಎನ್ವಿಡಿಯಾ ಕಾರ್ಡ್‌ಗಳಿಗಿರುವ ಆಯ್ಕೆ) ಆರಿಸಿದರಷ್ಟೇ ಸಾಲದು. ಸೀನ್‌ನ ರೆಂಡರ್ ಟ್ಯಾಬ್‌ನಲ್ಲಿ ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನ ಡಿವೈಸ್ ಕೂಡ ಜಿಪಿಯು ಕಂಪ್ಯೂಟ್ ಆಗಿರಬೇಕು. ಈ ಎರಡನೆಯದನ್ನು ಮರೆಯುವವರೇ ಜಾಸ್ತಿ. ಸಿಸ್ಟಮ್ ಪಟ್ಟಿಯಲ್ಲಿ ಪ್ರೊಸೆಸರ್ ಟಿಕ್ ತೆಗೆಯುವುದು ನನಗೆ ಸರಿ ಅನಿಸುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್, ಕಾರ್ಡ್ ಎರಡಕ್ಕೂ ಬಿಸಿ ಹೊರಹಾಕಲು ಒಂದೇ ಹೀಟ್‌ಪೈಪ್, ಒಂದು ಕಾದರೆ ಇನ್ನೊಂದೂ ನಿಧಾನ. ಎರಡು ಗ್ರಾಫಿಕ್ಸ್ (ಪ್ರೊಸೆಸರ್‌ನೊಳಗೊಂದು, ಪ್ರತ್ಯೇಕ ಕಾರ್ಡ್ ಒಂದು) ಇದ್ದರೆ ವಿಂಡೋಸ್ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಬ್ಲೆಂಡರ್‌ಗೆ ಹೈ ಪರ್ಫಾರ್ಮೆನ್ಸ್ ಕೊಡಿ, ವ್ಯೂಪೋರ್ಟ್ (ಕೆಲಸ ಮಾಡುವಾಗ ದೃಶ್ಯ ಕಾಣುವ ಕಿಟಕಿ) ಹಗುರಾಗುತ್ತದೆ.

ನೀರಿಗೆ ನಾನು ಧೈರ್ಯವಾಗಿ ಬ್ಲೆಂಡರನ್ನೇ ಹೇಳುತ್ತೇನೆ, ಉಚಿತ ಬೇರೆ. ಬರೀ ಹೊಗೆ, ಬೆಂಕಿ ಸಾಕು, ಕಾರ್ಡ್ ಚೆನ್ನಾಗಿದೆ ಅನ್ನುವವರು ಎಂಬರ್‌ಜೆನ್ ಅನ್ನುವ ಬೇರೆ ತಂತ್ರಾಂಶ ನೋಡಿ. ಅದು ಲೆಕ್ಕವನ್ನು ಕಾರ್ಡ್‌ನಲ್ಲೇ ಮಾಡುತ್ತದೆ, ಅದರ ಹೊಗೆ, ಬೆಂಕಿಯನ್ನು ವಿಡಿಬಿ ಅನ್ನುವ ಬಗೆಯ ಫೈಲ್ ಆಗಿ ಬ್ಲೆಂಡರ್‌ಗೆ ತರಬಹುದು.