ಕಲ್ಲು, ತಾಮ್ರ, ಮರ, ತುಂಬಿ ಹರಿಯುವ ಟಬ್: ದಿನಬಳಕೆಗೆ ಯಾವುದು?

ಐಷಾರಾಮಿ ಟಬ್‌ನ ಆಕಾರಕ್ಕೆ ಮನಸೋಲುವ ಮೊದಲು ಅದರ ತೂಕವನ್ನೂ ಬಿಸಿನೀರಿನ ಖರ್ಚನ್ನೂ ಲೆಕ್ಕ ಹಾಕಿ. 20 ಡಿಗ್ರಿ ತಣ್ಣೀರು ಬೆರೆಸಿ 40 ಡಿಗ್ರಿಯ 300 ಲೀಟರ್ ಮಾಡಲು 60 ಡಿಗ್ರಿಯ ನೀರು 150 ಲೀಟರ್ ಬೇಕು. 25 ಲೀಟರಿನ ಗೀಸರ್ ಇದಕ್ಕೆ ಎಲ್ಲಿಗೂ ಸಾಲದು.

ಇಡೀ ಬಂಡೆಯಲ್ಲಿ ಕೊರೆದ ಅಮೃತಶಿಲೆಯ ಟಬ್ ಖಾಲಿಯಿದ್ದಾಗಲೇ 800 ಕಿಲೋ ತೂಗಬಹುದು. ನೀರು, ಮನುಷ್ಯ ಸೇರಿದರೆ ಒಂದು ಟನ್ ದಾಟುತ್ತದೆ. ಮಹಡಿಯ ಮೇಲಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪದೆ ಇಡಲೇಬಾರದು. ಅಂಗಡಿಯಲ್ಲಿ ಗೊತ್ತಾಗದ ತೊಂದರೆ ಇನ್ನೊಂದಿದೆ: ತಣ್ಣಗಿನ ಕಲ್ಲು ಶಾಖ ಹೀರುತ್ತದೆ. 800 ಕಿಲೋ ಕಲ್ಲನ್ನು ಬೆಚ್ಚಗಾಗಿಸಲು ಸುಮಾರು 170 ಲೀಟರ್ ನೀರಿಗೆ ಬೇಕಾದಷ್ಟು ಶಾಖ ಬೇಕು. 42 ಡಿಗ್ರಿ ನೀರು ತುಂಬಿಸಿ ಕೂತರೂ ಬೆನ್ನು ತಾಗುವ ಕಡೆ ಚಳಿ. ನೋಡನೋಡುತ್ತಲೇ ನೀರು ಉಗುರುಬೆಚ್ಚಗಾಗುತ್ತದೆ. ಮೊದಲು 30 ಲೀಟರ್ ಬಿಸಿನೀರು ಬಿಟ್ಟು ಹತ್ತು ನಿಮಿಷ ಕಾದು, ಅದನ್ನು ಹರಿಸಿ ಆಮೇಲೆ ತುಂಬಿಸಿದರೆ ಸ್ವಲ್ಪ ವಾಸಿ. ವಿನೆಗರ್ ಅಥವಾ ನಿಂಬೆ ಬೆರೆತ ಕ್ಲೀನರ್ ತಾಗಿದರೆ ಹೊಳಪು ಹೋಗುತ್ತದೆ, ಮತ್ತೆ ಪಾಲಿಶ್ ಹಿಡಿಸಬೇಕು.

ತಾಮ್ರ ಇದಕ್ಕೆ ತದ್ವಿರುದ್ಧ. ಕ್ಷಣದಲ್ಲಿ ಬಿಸಿಯಾಗುತ್ತದೆ, ಆ ಬಿಸಿಯನ್ನು ಹೊರಗಿನ ಗಾಳಿಗೂ ಬಿಟ್ಟುಕೊಡುತ್ತದೆ. ಕೊಳ್ಳುವುದಾದರೆ ಜೋಡಿ ಪದರದ್ದನ್ನೇ ಕೊಳ್ಳಿ. ಬಣ್ಣ ಕಂದಾದರೂ ಪರವಾಗಿಲ್ಲ ಎನ್ನುವವರಿಗೆ ಇದು ಸಲೀಸು. ಹೊಳಪೇ ಬೇಕೆಂದರೆ ಪ್ರತಿ ಸಲ ಒರೆಸಿ ಒಣಗಿಸಬೇಕು.

ಅಂಚಿನಿಂದ ತುಂಬಿ ಹರಿಯುವ ಟಬ್ ನೋಡಲು ಅದ್ಭುತ, ಬಳಸಲು ತಲೆನೋವು. ಕೂತೊಡನೆ 60–70 ಲೀಟರ್ ಉಕ್ಕುತ್ತದೆ. ಸುತ್ತಲಿನ ಕಾಲುವೆ ಕಿರಿದಾಗಿದ್ದರೆ ಅದೆಲ್ಲ ನೆಲಕ್ಕೆ. ಲೆವೆಲ್ ಎರಡು ಮಿಲಿಮೀಟರ್ ತಪ್ಪಿದರೂ ನೀರು ಒಂದೇ ಪಕ್ಕಕ್ಕೆ ಸುರಿಯುತ್ತದೆ. ಉಕ್ಕಿದ ನೀರನ್ನು ಮತ್ತೆ ಟಬ್‌ಗೆ ಹರಿಸುವ ಪಂಪು, ಪೈಪುಗಳಲ್ಲಿ ಉಳಿದ ನೀರು ಲೋಳೆಗಟ್ಟಿ ವಾಸನೆ ಹೊಡೆಯುತ್ತದೆ, ಆಗಾಗ ಸೋಂಕುನಿವಾರಕ ಹಾಕಿ ತೊಳೆಯದೆ ವಿಧಿಯಿಲ್ಲ.

ದಿನವೂ ನೆನೆಯುವವರಿಗೆ ನಮ್ಮ ಆಯ್ಕೆ ಜಪಾನಿನ ಹಿನೋಕಿ ಮರದ ಆಳದ ಟಬ್. ಕಾಲು ಮಡಿಸಿ ಭುಜದವರೆಗೆ ಮುಳುಗಿ ಕೂರಬಹುದು, ಜಾಗ ಕಡಿಮೆ ಸಾಕು, ಮರ ಬಿಸಿಯನ್ನು ಬಿಟ್ಟುಕೊಡುವುದೂ ನಿಧಾನ. ಮುಚ್ಚಳ ಹಾಕಿಟ್ಟರೆ ಮನೆಯ ಇನ್ನೊಬ್ಬರೂ ಅದೇ ನೀರಿಗೆ ಇಳಿಯಬಹುದು, ಮೈ ತೊಳೆದುಕೊಂಡೇ ಇಳಿಯಬೇಕು ಅಷ್ಟೇ. ಒಳಗೆ ಸೋಪು, ಎಣ್ಣೆ ಎರಡೂ ಬೇಡ. ವಾರಗಟ್ಟಲೆ ಖಾಲಿ ಬಿಟ್ಟರೆ ಹಲಗೆಗಳು ಕುಗ್ಗಿ ಸಂದಿಯಿಂದ ನೀರು ಜಿನುಗುತ್ತದೆ. ರಾತ್ರಿಯಿಡೀ ನೀರು ತುಂಬಿಸಿಟ್ಟರೆ ಮರ ಉಬ್ಬಿ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ತಳಕ್ಕೆ ಗಾಳಿಯಾಡದಿದ್ದರೆ ಬೂಸ್ಟು ಖಚಿತ, ಆದ್ದರಿಂದ ಪಟ್ಟಿಗಳ ಮೇಲೆ ಎತ್ತರಿಸಿ ಇಡಿ.

ಯಾವುದನ್ನೇ ಕೂರಿಸಿದರೂ ಡ್ರೈನ್ ಟ್ರ್ಯಾಪಿಗೆ (ಟಬ್‌ನ ನೀರು ಹೊರಹೋಗುವ ಬಾಗಿದ ಪೈಪಿಗೆ) ಕೈ ಹೋಗುವಂಥ ಮುಚ್ಚಳವನ್ನು ನೆಲ ಹಾಸುವಾಗಲೇ ಇಡಿಸಿಕೊಳ್ಳಿ. ಕಲ್ಲಿನ ಟಬ್ ಕೆಳಗೆ ಕೂದಲು ಕಟ್ಟಿಕೊಂಡರೆ, ಅದನ್ನು ತೆಗೆಯಲು 800 ಕಿಲೋ ಎತ್ತಬೇಕಾಗುತ್ತದೆ.