ಗೊಬ್ಬರದ ಗೋದಾಮಿನಲ್ಲಿ ಎರಡು ಗಾಲಿಯ ಹ್ಯಾಂಡ್ ಟ್ರಾಲಿ

ಜಮಖಂಡಿಯಲ್ಲಿ ನಮ್ಮದು ಗೊಬ್ಬರ ಮತ್ತು ಬೀಜದ ಅಂಗಡಿ. ಸುತ್ತಲೂ ಕಬ್ಬಿನ ಊರುಗಳು. ಹದ ಮಳೆ ಬಿದ್ದರೆ ಗೋದಾಮಿನ ಬಾಗಿಲು ಹಾಕಲು ಪುರಸೊತ್ತು ಇರುವುದಿಲ್ಲ. ಅಲ್ಲಿ ಕೆಲವು ವರ್ಷಗಳಿಂದ ದುಡಿಯುತ್ತಿರುವ, 200 ಕಿಲೋ ಸಾಮರ್ಥ್ಯದ ಕಬ್ಬಿಣದ ಹ್ಯಾಂಡ್ ಟ್ರಾಲಿಯ ಬಗ್ಗೆ ಬರೆಯುತ್ತಿದ್ದೇನೆ. ಕೊಳ್ಳುವವರು ಸಾಮರ್ಥ್ಯದ ಅಂಕಿಗಿಂತ ಮೊದಲು ಗಾಲಿ ನೋಡಬೇಕು.

ಗೋದಾಮಿನ ನೆಲಕ್ಕೆ ಹಾಸಿರುವುದು ಫರಸಿ ಕಲ್ಲು, ಸಂದಿಗಳು ಅಗಲ. ಸಣ್ಣ ಪ್ಲಾಸ್ಟಿಕ್ ಗಾಲಿ ಇಂಥ ಸಂದಿಯಲ್ಲಿ ಗಕ್ಕನೆ ನಿಲ್ಲುತ್ತದೆ, ಮೇಲಿನ ಚೀಲ ಮುಂದಕ್ಕೆ ಬೀಳುತ್ತದೆ. ಇದರ ಹತ್ತು ಇಂಚಿನ, ಗಾಳಿ ತುಂಬುವ ಗಾಲಿಗಳಿಗೆ ಸಂದಿ ಲೆಕ್ಕಕ್ಕೇ ಇಲ್ಲ. ಹೊಸ್ತಿಲು ಬಂದರೆ ಟ್ರಾಲಿಯನ್ನು ಹಿಮ್ಮುಖವಾಗಿ ಎಳೆದುಕೊಂಡರೆ ಸಾಕು. ಜಾಲಿ ಮುಳ್ಳು ಮಾತ್ರ ಇದರ ವೈರಿ. ಮುಳ್ಳಿನ ತುದಿ ಟೈರಿನೊಳಗೆ ಮುರಿದು ಉಳಿದರೆ ಬೆಳಗಾಗುವಷ್ಟರಲ್ಲಿ ಗಾಲಿ ಕುಳಿತಿರುತ್ತದೆ. ಒಂದು ಕಡೆ ಗಾಳಿ ಇಳಿದರೂ ಟ್ರಾಲಿ ಆ ಕಡೆಗೇ ವಾಲುತ್ತದೆ, ನೂಕುವವರ ಮಣಿಕಟ್ಟು ಸೋಲುತ್ತದೆ.

ಯೂರಿಯಾ ಚೀಲ 2018ರಿಂದ 45 ಕಿಲೋ, ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದ್ದು 50 ಕಿಲೋ. ಡಿಎಪಿ ನಾಲ್ಕು ಚೀಲವಾದರೆ ಸಾಮರ್ಥ್ಯ ಮುಗಿಯಿತು. ನಾವು ಮೂರಕ್ಕೇ ನಿಲ್ಲಿಸುತ್ತೇವೆ, ಏಕೆಂದರೆ ಪ್ಲಾಸ್ಟಿಕ್ ಚೀಲದ ಮೇಲೆ ಪ್ಲಾಸ್ಟಿಕ್ ಚೀಲ ಜಾರುತ್ತದೆ. ಹಿಂದಕ್ಕೆ ವಾಲಿಸುತ್ತ ಹೋದಂತೆ ಭಾರ ಗಾಲಿಗಳ ಅಚ್ಚಿನ ಮೇಲೆ ಕೂರುತ್ತದೆ, ಆಗ ಹಿಡಿಕೆ ಅಂಗೈಯಲ್ಲಿ ಹಗುರಾಗುತ್ತದೆ. ಅದಕ್ಕಿಂತ ಹೆಚ್ಚು ವಾಲಿಸಿದರೆ ತೂಕವೆಲ್ಲ ತೋಳಿಗೆ. ಇಳಿಜಾರಿನಲ್ಲಿ ಟ್ರಾಲಿ ಕೆಳಗೆ, ಮನುಷ್ಯ ಮೇಲೆ ಇರಬೇಕು. ಏರುವಾಗಲೂ ಅಷ್ಟೇ, ಇಳಿಯುವಾಗಲೂ ಅಷ್ಟೇ.

ಟ್ರಾಲಿ ಬಂದ ದಿನ ನಮ್ಮ ಹಿರಿಯ ಹಮಾಲರು, “ಸಾವಕಾರರೇ, ಇನ್ನು ಕೂಲಿ ಇಳಿಸುತ್ತೀರಾ?” ಎಂದು ಕೇಳಿದರು. ಚೀಲಕ್ಕಿಷ್ಟು ಎಂಬ ದರವನ್ನು ನಾವು ಮುಟ್ಟಲಿಲ್ಲ. ಮುಟ್ಟಲೂಬಾರದು. ಲಾರಿಯಿಂದ ಇಳಿಸುವುದು, ಥಪ್ಪಿ ಹಚ್ಚುವುದು (ಒಂದರ ಮೇಲೊಂದು ಜೋಡಿಸುವುದು) ಇಂದಿಗೂ ಅವರ ಬೆನ್ನಿನ ಮೇಲೆಯೇ ಇದೆ. ಕೊಕ್ಕೆ ಹಾಕಬೇಡಿ ಎಂದು ಗೊಬ್ಬರದ ಚೀಲಗಳ ಮೇಲೆಯೇ ಅಚ್ಚಾಗಿರುವುದರಿಂದ ಬರಿಗೈಯಲ್ಲೇ ತಬ್ಬಿ ಎತ್ತಬೇಕು. ಥಪ್ಪಿಯಿಂದ ಬಾಗಿಲವರೆಗಿನ ನಡಿಗೆಯಷ್ಟನ್ನು ಈ ಟ್ರಾಲಿ ತಪ್ಪಿಸಿದೆ. ಸಂಜೆ ಅವರು ಸೊಂಟ ಹಿಡಿದುಕೊಂಡು ಕೂರುವುದು ಕಡಿಮೆಯಾಗಿದೆ ಎಂಬುದೇ ನನಗೆ ದೊಡ್ಡದು.

ದೂರು ಇರುವುದು ತಳದ ತಗಡಿನ ಮೇಲೆ. ಪೊಟ್ಯಾಶ್ ಉಪ್ಪಿನ ಜಾತಿಯದು. ಚೆಲ್ಲಿದ ಪುಡಿ ತೇವ ಹೀರಿಕೊಂಡು ವೆಲ್ಡಿಂಗ್ ಅಂಚಿನಲ್ಲಿ ಸೇರುತ್ತದೆ. ಬಣ್ಣ ಮೊದಲು ಗುಳ್ಳೆಯಾಯಿತು, ಒಳಗಿನಿಂದ ಕೆಂಪು ತುಕ್ಕು ಎದ್ದಿತು, ಕೊನೆಗೆ ಬೆಸುಗೆ ಕೂದಲೆಳೆಯಷ್ಟು ಬಿರಿಯಿತು. ಮಾರಿದ ಅಂಗಡಿಯವರು ಗ್ಯಾರಂಟಿ ಬರುವುದಿಲ್ಲ ಎಂದರು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೆಳಗೊಂದು ದಪ್ಪ ಪಟ್ಟಿ ಕೊಟ್ಟು ಬೆಸೆಸಿದ ಮೇಲೆ ಅಲುಗಿಲ್ಲ. ಈಗ ಕೆಲಸ ಮುಗಿದೊಡನೆ ಒರೆಸಿ, ಹಳೆಯ ಎಂಜಿನ್ ಆಯಿಲ್ ಸವರುತ್ತೇವೆ.

ಗೊಬ್ಬರದವರು ಕೊಳ್ಳುವುದಾದರೆ ಬೆನ್ನು ಚಪ್ಪಟೆಯಾದುದನ್ನೇ ಆರಿಸಿ, ಬಾಗಿದ್ದು ಡ್ರಮ್ಮಿಗೆ. ಅಂಗಳದಲ್ಲಿ ಜಾಲಿ ಇದ್ದರೆ ಗಟ್ಟಿ ರಬ್ಬರಿನ ದೊಡ್ಡ ಗಾಲಿ ಕೇಳಿ. ತುಸು ಕುಲುಕುತ್ತದೆ, ಪಂಕ್ಚರ್ ಆಗುವುದಿಲ್ಲ. ಟ್ಯೂಬಿನ ಗಾಲಿಯನ್ನೇ ಕೊಳ್ಳುವುದಾದರೆ ಟ್ರಾಲಿಯ ಜೊತೆಗೇ ಒಂದು ಹೆಚ್ಚುವರಿ ಟ್ಯೂಬ್ ತನ್ನಿ.