ಕರಾವಳಿಯ ಸೈಟಿಗೆ ಯಾವ ಹೆಲ್ಮೆಟ್? ಮೂರು ಮಳೆಗಾಲ ಬಳಸಿದ ಮೇಲೆ

ಸೈಟ್ ಹೆಲ್ಮೆಟ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಮಾಡುವುದು ಚಿಪ್ಪನ್ನು ಬೆರಳಿನಿಂದ ತಟ್ಟಿ ನೋಡುವುದು. ಸದ್ದು ಗಟ್ಟಿಯಾಗಿ ಬಂದರೆ ಮಾಲು ಒಳ್ಳೆಯದು ಅನ್ನುವ ಲೆಕ್ಕ. ಕಾರವಾರ, ಅಂಕೋಲಾ ಕಡೆಯ ಸೈಟುಗಳಲ್ಲಿ ಮೂರು ಮಳೆಗಾಲ ಹೆಲ್ಮೆಟ್ ಹಾಕಿ ನಿಂತು, ನಮ್ಮ ಗ್ಯಾಂಗಿಗೂ ಹಾಕಿಸಿ ನೋಡಿದ ಮೇಲೆ ನಾನು ಹೇಳುವುದು ಇಷ್ಟು: ತಟ್ಟುವುದನ್ನು ಬಿಡಿ, ಹೆಲ್ಮೆಟ್ಟನ್ನು ಮಗುಚಿ ಒಳಗೆ ನೋಡಿ. ತಲೆ ಉಳಿಸುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆ ಒಳಗಿನ ಪಟ್ಟಿಗಳದ್ದು. ಕೆಲಸಗಾರ ಅದನ್ನು ಸಂಜೆಯವರೆಗೆ ತಲೆಯ ಮೇಲೆ ಇಟ್ಟುಕೊಳ್ಳುತ್ತಾನೋ ಇಲ್ಲವೋ ಅನ್ನುವುದನ್ನೂ ಅವೇ ತೀರ್ಮಾನಿಸುತ್ತವೆ.

ನಮ್ಮದು ಎರಡು-ಮೂರು ಅಂತಸ್ತಿನ ಮನೆ, ಲಾಡ್ಜ್, ರೆಸಾರ್ಟ್‌ಗಳ ಕೆಲಸ. ಸೆಂಟ್ರಿಂಗ್‌ನವರು, ಬಾರ್ ಬೆಂಡರ್‌ಗಳು, ಗಾರೆಯವರು, ಚಿರೆಕಲ್ಲು ಕಟ್ಟುವವರು ಎಲ್ಲರಿಗೂ ಹೆಲ್ಮೆಟ್ ತರುವುದು ನನ್ನ ಹೊಣೆ. ಈ ಅವಧಿಯಲ್ಲಿ ಮೂರು ಬಗೆಯವು ಕೈಸೇರಿದವು. ಹಿಂದೆ ಪಟ್ಟಿಗೆ ತೂತು-ಗುಂಡಿ ಇರುವ ಸಾದಾ ಹೆಲ್ಮೆಟ್, ಹಿಂಭಾಗದಲ್ಲಿ ತಿರುಗಿಸುವ ನಾಬ್ ಇರುವ ರಾಚೆಟ್ ಹೆಲ್ಮೆಟ್, ಮತ್ತೆ ಗಾಳಿ ಕಿಂಡಿ, ಗದ್ದದ ಪಟ್ಟಿ ಎರಡೂ ಇರುವ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪಿನ ಹೆಲ್ಮೆಟ್. ಕಂಪನಿಗಳ ಹೆಸರು ಬರೆಯುತ್ತಿಲ್ಲ. ಒಂದೇ ಬಗೆಯದು ಬೇರೆ ಬೇರೆ ಕಂಪನಿಯಿಂದ ಬಂದರೂ ನಡೆದುಕೊಂಡ ರೀತಿ ಹೆಚ್ಚುಕಡಿಮೆ ಒಂದೇ ಇತ್ತು, ಹಾಗಾಗಿ ಬಗೆಯನ್ನು ನೋಡಿ ಕೊಳ್ಳುವುದೇ ಮುಖ್ಯ.

ಸಾದಾ ಹೆಲ್ಮೆಟ್ಟಿನ ಕಥೆ ಬೇಗ ಮುಗಿಯುತ್ತದೆ. ಅಳತೆ ಸರಿಮಾಡಬೇಕಾದರೆ ಅದನ್ನು ತಲೆಯಿಂದ ತೆಗೆದು, ಹಿಂದಿನ ಪಟ್ಟಿಯ ಗುಂಡಿ ಬಿಡಿಸಿ, ಇನ್ನೊಂದು ತೂತಿಗೆ ಹಾಕಬೇಕು. ಕೈಗೆ ಸಿಮೆಂಟ್ ಮೆತ್ತಿಕೊಂಡವನು ಆ ಗೋಜಿಗೆ ಹೋಗುವುದಿಲ್ಲ. ಬಾರ್ ಬೆಂಡರ್ ಇಡೀ ದಿನ ಬಗ್ಗಿ ಬೈಂಡಿಂಗ್ ತಂತಿ ಕಟ್ಟುತ್ತಾನೆ. ಸಡಿಲ ಹೆಲ್ಮೆಟ್ ಪ್ರತಿ ಸಲ ಬಗ್ಗಿದಾಗಲೂ ಕಣ್ಣಿನ ಮೇಲೆ ಜಾರುತ್ತದೆ, ಇಲ್ಲವೇ ಸರಳಿನ ಮೇಲೆ ಬಿದ್ದು ಉರುಳುತ್ತದೆ. ಎರಡು-ಮೂರು ಸಲ ಎತ್ತಿ ಹಾಕಿಕೊಳ್ಳುತ್ತಾನೆ, ಆಮೇಲೆ ಕಾಲಮ್ಮಿನ ಸರಳಿಗೆ ನೇತುಹಾಕುತ್ತಾನೆ. ಅವನ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಅದೇ ಮನುಷ್ಯನಿಗೆ ರಾಚೆಟ್ ಹೆಲ್ಮೆಟ್ ಕೊಟ್ಟಾಗ ನಾಬನ್ನು ಒಂದೆರಡು ಸಲ ತಿರುಗಿಸಿ ಬಿಗಿಮಾಡಿಕೊಂಡ, ಮತ್ತೆ ಅದರ ಸುದ್ದಿಗೇ ಹೋಗಲಿಲ್ಲ. ನಾನು ಕೊಂಡಾಗ ಎರಡರ ನಡುವಿನ ಬೆಲೆ ವ್ಯತ್ಯಾಸ ನೂರೈವತ್ತು ರೂಪಾಯಿಯ ಆಸುಪಾಸು. ಒಬ್ಬ ಹೆಲ್ಪರ್‌ನ ಅರ್ಧ ದಿನದ ಕೂಲಿಗಿಂತಲೂ ಕಡಿಮೆ.

ಒಳಗಿನ ಪಟ್ಟಿಗಳು ಏನು ಮಾಡುತ್ತವೆ ಅನ್ನುವುದನ್ನು ಹೊಸ ಹುಡುಗರಿಗೆ ನಾನು ಹೆಲ್ಮೆಟ್ ಕೈಯಲ್ಲಿ ಹಿಡಿದೇ ತೋರಿಸುತ್ತೇನೆ. ನೆತ್ತಿಗೂ ಚಿಪ್ಪಿಗೂ ನಡುವೆ ಒಂದು ಇಂಚಿಗೆ ಕಡಿಮೆಯಿಲ್ಲದಷ್ಟು ಖಾಲಿ ಜಾಗ ಇರಬೇಕು. ಮೇಲಿಂದ ಏನಾದರೂ ಬಿದ್ದಾಗ ಚಿಪ್ಪು ಒಳಕ್ಕೆ ಬಾಗುತ್ತದೆ, ಪಟ್ಟಿಗಳು ಹಿಗ್ಗಿ ಹೊಡೆತವನ್ನು ತಲೆಯ ಸುತ್ತ ಹಂಚುತ್ತವೆ. ಆ ಜಾಗ ಇಲ್ಲದಿದ್ದರೆ ಹೊಡೆತ ನೇರ ತಲೆಬುರುಡೆಗೆ. ನಮ್ಮಲ್ಲಿ ಆ ಖಾಲಿ ಜಾಗವನ್ನೇ ಉಗ್ರಾಣ ಮಾಡಿಕೊಳ್ಳುವವರು ಬಹಳ. ಬೀಡಿ ಕಟ್ಟು, ಗುಟ್ಕಾ ಚೀಟಿ, ಮಳೆಗಾಲದಲ್ಲಿ ಮೊಬೈಲು ಕೂಡ. ಇನ್ನು ಕೆಲವರು ಬೆವರಿಗೆ ಅಂತ ದಪ್ಪ ಟವೆಲ್ ಸುತ್ತಿ ಅದರ ಮೇಲೆ ಹೆಲ್ಮೆಟ್ ಕೂರಿಸುತ್ತಾರೆ. ಟವೆಲ್ ತುಂಬಿದರೆ ಜಾಗ ಹೋಯಿತು, ಹೆಲ್ಮೆಟ್ಟೂ ಮೇಲೆದ್ದು ಕೂತು ಅಲ್ಲಾಡುತ್ತದೆ. ತೆಳು ಹತ್ತಿ ಬಟ್ಟೆ ಒಂದು ಪದರ ಕಟ್ಟಿಕೊಂಡರೆ ನಾನು ತಕರಾರು ಮಾಡುವುದಿಲ್ಲ.

ಹೆಲ್ಮೆಟ್ ಎಷ್ಟು ತಡೆಯುತ್ತದೆ ಅನ್ನುವುದೂ ಗೊತ್ತಿರಬೇಕು. ಯುರೋಪಿನ ಇಎನ್ 397 ಮಾನದಂಡದಲ್ಲಿ 5 ಕಿಲೋ ತೂಕವನ್ನು 1 ಮೀಟರ್ ಎತ್ತರದಿಂದ ಹೆಲ್ಮೆಟ್ಟಿನ ನೆತ್ತಿಯ ಮೇಲೆ ಬಿಡುತ್ತಾರೆ. ಒಳಗಿನ ತಲೆಗೆ ಮುಟ್ಟುವ ಬಲ 5 ಕಿಲೋನ್ಯೂಟನ್ (ಸುಮಾರು 500 ಕಿಲೋ ಭಾರ ಒತ್ತಿದಷ್ಟು) ದಾಟಬಾರದು. ಅದನ್ನು ನಮ್ಮ ಸೈಟಿನ ಲೆಕ್ಕಕ್ಕೆ ತಂದರೆ, ಅರ್ಧ ಕಿಲೋದ ಸುತ್ತಿಗೆ 10 ಮೀಟರ್ ಮೇಲಿಂದ, ಅಂದರೆ ಮೂರನೇ ಸ್ಲ್ಯಾಬಿನ ಮೇಲಿಂದ ಬಿದ್ದಷ್ಟು ಹೊಡೆತ. ಅದೇ ಒಂದೂವರೆ ಕಿಲೋದ ತೆಂಗಿನಕಾಯಿ 15 ಮೀಟರಿನಿಂದ ಬಿದ್ದರೆ ಹೊಡೆತ ಅದರ ನಾಲ್ಕು ಪಟ್ಟು ಮೀರುತ್ತದೆ. ಈ ಕಡೆ ತೆಂಗಿನ ಮರವಿಲ್ಲದ ಸೈಟೇ ಅಪರೂಪ. ಹಾಗಾಗಿ ಪಾಯ ತೋಡುವ ಮೊದಲು ಮರದ ಕಾಯಿ ಕೊಯ್ಸಿ, ಒಣ ಹೆಡೆ (ಗರಿ) ಇಳಿಸಿ. ಹೆಲ್ಮೆಟ್ ಇದೆಯಲ್ಲ ಅಂತ ಮರದ ಬುಡದಲ್ಲಿ ಮಿಕ್ಸರ್ ನಿಲ್ಲಿಸಬೇಡಿ. ಚಿರೆಕಲ್ಲು ಇಡಿಯಾಗಿ ಜಾರಿ ಬಿದ್ದರೆ ಯಾವ ಹೆಲ್ಮೆಟ್ಟೂ ತಡೆಯುವುದಿಲ್ಲ. ಅಲ್ಲಿ ಕೆಳಗೆ ಜನ ನಿಲ್ಲದ ಹಾಗೆ ಹಗ್ಗ ಕಟ್ಟುವುದೇ ಉಪಾಯ.

ಸದಾಶಿವಗಡದ ಕಡೆ ಒಂದು ಕೆಲಸದಲ್ಲಿ ಸ್ಕ್ಯಾಫೋಲ್ಡಿಂಗಿನ ಕ್ಲಾಂಪ್ ಮೇಲಿಂದ ಜಾರಿ ಕೊಪ್ಪಳ ಕಡೆಯ ಬಾರ್ ಬೆಂಡರ್ ಒಬ್ಬನ ತಲೆಯ ಮೇಲೆ ಬಿತ್ತು. ರಾಚೆಟ್ ಹೆಲ್ಮೆಟ್ ಬಿಗಿಯಾಗಿತ್ತು, ಕೂತ ಜಾಗದಿಂದ ಕದಲಲಿಲ್ಲ. ಅವನು ಒಂದು ಕ್ಷಣ ಕೂತು ಎದ್ದ. ಹಳದಿ ಚಿಪ್ಪಿನ ಮೇಲೆ ಎಂಟಾಣೆಯಷ್ಟು ಅಗಲದ ಬಿಳಿಚಿಕೊಂಡ ಗುರುತು, ಅದರ ಸುತ್ತ ಕೂದಲೆಳೆಯಂಥ ಗೆರೆಗಳು. ಒಡೆದಿರಲಿಲ್ಲ. “ಏನೂ ಆಗಿಲ್ರೀ ಸರ, ಇನ್ನೂ ಗಟ್ಟಿ ಐತ್ರೀ” ಅಂದು ಮತ್ತೆ ಹಾಕಿಕೊಳ್ಳಲು ಹೊರಟ. “ಇಲ್ಲಿ ಕೊಡು ತಮ್ಮಾ” ಅಂತ ಇಸಕೊಂಡು ಮಗುಚಿ ನೋಡಿದರೆ, ಪಟ್ಟಿಯನ್ನು ಚಿಪ್ಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಕ್ಕೆಗಳಲ್ಲಿ ಒಂದು ಬುಡಕ್ಕೇ ಮುರಿದಿತ್ತು, ಅದರ ಪಕ್ಕದ್ದು ಅರ್ಧ ಸೀಳಿತ್ತು. ಮೇಲಿಂದ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಅವನನ್ನು ಆಸ್ಪತ್ರೆಗೆ ಕಳಿಸಿ ತೋರಿಸಿದೆವು, ಏನೂ ಆಗಿರಲಿಲ್ಲ. ಹೆಲ್ಮೆಟ್ಟನ್ನು ಅವತ್ತೇ ಗರಗಸದಿಂದ ಎರಡು ಹೋಳು ಮಾಡಿದೆ. ಇಡಿಯಾಗಿ ಬಿಸಾಡಿದರೆ ಇನ್ಯಾರೋ ಎತ್ತಿಕೊಂಡು ಹೋಗಿ ಹಾಕಿಕೊಳ್ಳುತ್ತಾರೆ. ಜೋರು ಏಟು ಬಿದ್ದ ಹೆಲ್ಮೆಟ್ಟಿನ ಕೆಲಸ ಅಲ್ಲಿಗೆ ಮುಗಿಯಿತು, ಬಿರುಕು ಕಾಣಲಿ ಬಿಡಲಿ.

ಮಳೆಗಾಲದ್ದೇ ಬೇರೆ ಪರೀಕ್ಷೆ. ನಮ್ಮ ಆಷಾಢದ ಮಳೆಯಲ್ಲಿ ಚಿಪ್ಪಿಗೆ ಏನೂ ಆಗುವುದಿಲ್ಲ, ಬೆವರುಪಟ್ಟಿ ಸಾಯುತ್ತದೆ. ಹಣೆಗೆ ತಾಗುವ ಆ ಪಟ್ಟಿ ರೆಕ್ಸಿನ್ನಿನದ್ದಾದರೆ ಬೆವರು ಹೀರುವುದಿಲ್ಲ, ಹಣೆಯ ಮೇಲೆ ಕೆಂಪು ಗೀರು ಬಂದು ಉರಿಯುತ್ತದೆ. ಬಟ್ಟೆ ಅಥವಾ ಸ್ಪಂಜಿನದ್ದಾದರೆ ಹೀರುತ್ತದೆ, ಆದರೆ ಒಣಗುವುದಿಲ್ಲ. ವಾರದೊಳಗೆ ಕಪ್ಪು ಬೂಸ್ಟು, ನಾತ. ನಮ್ಮ ಹುಡುಗರು ಹೆಲ್ಮೆಟ್ ಬಿಟ್ಟು ನಿಂತದ್ದಕ್ಕೆ ಸೆಕೆಗಿಂತ ಈ ನಾತವೇ ಹೆಚ್ಚು ಕಾರಣ. ಈಗ ಬಿಚ್ಚಿ ತೊಳೆಯಲು ಬರುವ ಬಟ್ಟೆ ಪಟ್ಟಿಯನ್ನು ಒಬ್ಬೊಬ್ಬರಿಗೆ ಎರಡೆರಡು ಕೊಡಿಸಿದ್ದೇನೆ. ಒಂದು ತಲೆಯ ಮೇಲೆ, ಇನ್ನೊಂದು ಶೆಡ್ಡಿನ ಫ್ಯಾನಿನ ಕೆಳಗೆ. ತೊಳೆಯಲು ಸಾದಾ ಸೋಪು, ನೀರು ಸಾಕು. ರಾಚೆಟ್ ನಾಬಿನ ಹಲ್ಲುಗಳ ನಡುವೆ ಸಿಮೆಂಟ್ ಹಾಲು ಒಣಗಿ ಕೂತರೆ ಅದು ತಿರುಗುವುದಿಲ್ಲ. ಸ್ಲ್ಯಾಬ್ ಹಾಕಿದ ದಿನ ಸಂಜೆಯೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿಬಿಡಬೇಕು, ಮರುದಿನಕ್ಕೆ ಬಿಟ್ಟರೆ ಕಲ್ಲಾಗಿರುತ್ತದೆ. ಚಿಪ್ಪಿನ ಅಂಚಿನಲ್ಲಿ ನೀರು ಹರಿಯಲು ಸಣ್ಣ ಕಾಲುವೆ ಇರುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಕುತ್ತಿಗೆಯೊಳಗೆ ನೀರು ಇಳಿಯುವುದು ಬಹಳ ಕಡಿಮೆಯಾಗುತ್ತದೆ. ರೇನ್‌ಕೋಟಿನ ಟೋಪಿ ಹೆಲ್ಮೆಟ್ಟಿನ ಮೇಲೆ ಬರಬೇಕು, ಕೆಳಗಲ್ಲ.

ಪೇಂಟರ್‌ಗಳಿಗೆ ಒಂದು ಮಾತು. ಬಣ್ಣ ಸಿಡಿಯಿತು ಅಂತ ಥಿನ್ನರ್, ಪೆಟ್ರೋಲ್ ಹಾಕಿ ಒರೆಸಬೇಡಿ. ಎಬಿಎಸ್, ಪಾಲಿಕಾರ್ಬೊನೇಟ್ ಚಿಪ್ಪನ್ನು ಅದು ತಿನ್ನುತ್ತದೆ. ಬಣ್ಣ ಇರಲಿ ಬಿಡಿ. ಚಿಪ್ಪಿಗೆ ಬಣ್ಣ ಬಳಿದು ಹೊಸದು ಮಾಡುವುದೂ ಬೇಡ, ಬಿರುಕು ಇದ್ದರೆ ಮುಚ್ಚಿಹೋಗುತ್ತದೆ.

ಬಿಸಿಲು ಮಾಡುವ ಹಾನಿ ನಿಧಾನದ್ದು. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿಗೆ ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಚಿಪ್ಪಿನ ಹೊಳಪು ಹೋಗುತ್ತದೆ, ಕೈ ಆಡಿಸಿದರೆ ಸುಣ್ಣದ ಪುಡಿಯಂತೆ ಅಂಟುತ್ತದೆ, ಆಮೇಲೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಎರಡೂ ಅಂಗೈ ನಡುವೆ ಹಿಡಿದು ಬದಿಗಳನ್ನು ಅದುಮಿ ಬಿಡಿ. ಆರೋಗ್ಯದ ಚಿಪ್ಪು ಸದ್ದಿಲ್ಲದೆ ಬಾಗಿ ಮೊದಲಿನಂತಾಗುತ್ತದೆ. ಚರಕ್ ಅಂದರೆ ಅದಕ್ಕೆ ವಿದಾಯ ಹೇಳಿ. ಮುಂದಿನ ಅಂಚಿನ ಕೆಳಗೆ ಗಡಿಯಾರದ ಮುಖದಂಥ ದುಂಡು ಅಚ್ಚು ಇರುತ್ತದೆ: ನಡುವೆ ವರ್ಷ, ಸುತ್ತ ತಿಂಗಳ ಅಂಕಿಗಳು, ಬಾಣದ ಗುರುತು ತೋರಿಸುವುದು ತಯಾರಾದ ತಿಂಗಳು. ಕೊಳ್ಳುವಾಗ ಇದನ್ನು ನೋಡಲೇಬೇಕು, ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದ ಸ್ಟಾಕ್ ಕೈಗೆ ಬರಬಹುದು. ಕಂಪನಿಗಳು ಸಾಮಾನ್ಯವಾಗಿ ಒಳಪಟ್ಟಿಯನ್ನು ವರ್ಷಕ್ಕೊಮ್ಮೆ, ಚಿಪ್ಪನ್ನು ಎರಡರಿಂದ ಐದು ವರ್ಷದೊಳಗೆ ಬದಲಿಸಲು ಹೇಳುತ್ತವೆ. ದಿನವಿಡೀ ಬಯಲಲ್ಲಿರುವ ನಮ್ಮವರಿಗೆ ನಾನು ಎರಡನ್ನೇ ಹಿಡಿಯುತ್ತೇನೆ. ಬೈಕಿನ ಸೀಟಿನ ಮೇಲೆ, ಪಿಕಪ್ಪಿನ ಗಾಜಿನ ಹಿಂದೆ ಬಿಸಿಲಿಗೆ ಇಟ್ಟು ಹೋಗುವುದನ್ನು ಬಿಡಿಸಿದರೆ ಅಷ್ಟು ಆಯುಷ್ಯ ಹೆಚ್ಚು.

ಗಾಳಿ ಕಿಂಡಿ ಇರುವ ಮೂರನೆಯ ಬಗೆ ಬೇಸಿಗೆಯಲ್ಲಿ ನಿಜಕ್ಕೂ ಹಿತ. ಸಮುದ್ರದ ಗಾಳಿ ಬೀಸುವ ಮಧ್ಯಾಹ್ನ ನೆತ್ತಿಯ ಮೇಲೆ ತಂಪು ತಿಳಿಯುತ್ತದೆ. ಆದರೆ ಅದೇ ಕಿಂಡಿಯಿಂದ ಮಳೆ ನೀರು, ಸಿಮೆಂಟ್ ಹಾಲು ಒಳಗೆ ಬರುತ್ತದೆ. ವೈರಿಂಗ್ ಮಾಡುವವರಿಗೆ ಅದು ಕೂಡದೇ ಕೂಡದು. ಅಮೆರಿಕದ ಮಾನದಂಡ ಸಂಸ್ಥೆಯಾದ ಆನ್ಸಿಯ ವಿಂಗಡಣೆಯಲ್ಲಿ ‘ಇ’ ವರ್ಗದ ಹೆಲ್ಮೆಟ್ಟನ್ನು 20,000 ವೋಲ್ಟಿಗೆ, ‘ಜಿ’ ವರ್ಗದ್ದನ್ನು 2,200 ವೋಲ್ಟಿಗೆ ಪರೀಕ್ಷಿಸುತ್ತಾರೆ. ‘ಸಿ’ ವರ್ಗಕ್ಕೆ ವಿದ್ಯುತ್ತಿನಿಂದ ಯಾವ ರಕ್ಷಣೆಯೂ ಇಲ್ಲ, ಕಿಂಡಿಯವು ಬರುವುದು ಅದರಲ್ಲೇ. ಪೇಟೆಯ ಇಕ್ಕಟ್ಟು ಸೈಟುಗಳಲ್ಲಿ 11,000 ವೋಲ್ಟಿನ ತಂತಿ ಸ್ಲ್ಯಾಬಿಗೆ ಕೈಗೆಟುಕುವಷ್ಟು ಹತ್ತಿರ ಹಾದುಹೋಗುತ್ತದೆ. ಅಲ್ಲಿ ಮೊದಲು ಲೈನ್ ಆಫ್ ಮಾಡಿಸಬೇಕು, ಹೆಲ್ಮೆಟ್ಟಿನ ಮಾತು ಆಮೇಲೆ.

ಗದ್ದದ ಪಟ್ಟಿಯನ್ನು ನಾನು ಈಗ ಹೊರಗೋಡೆಯ ಕೆಲಸದವರಿಗೆಲ್ಲ ಕಡ್ಡಾಯ ಮಾಡಿದ್ದೇನೆ. ಮನುಷ್ಯ ಸ್ಕ್ಯಾಫೋಲ್ಡಿಂಗಿನಿಂದ ಜಾರಿದರೆ ಪಟ್ಟಿ ಇಲ್ಲದ ಹೆಲ್ಮೆಟ್ ಅವನಿಗಿಂತ ಮೊದಲು ಕೆಳಗೆ ಬಿದ್ದಿರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಇಎನ್ 397ರ ಗದ್ದದ ಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೆ ಕಳಚಿಕೊಳ್ಳಬೇಕು, ಹೆಲ್ಮೆಟ್ ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆಗೆ ಉರುಳಾಗಬಾರದು ಅಂತ. ಪರ್ವತಾರೋಹಿಗಳ ಇಎನ್ 12492 ಹೆಲ್ಮೆಟ್ಟಿನದ್ದು 500 ನ್ಯೂಟನ್‌ವರೆಗೂ ಕಚ್ಚಿ ಹಿಡಿಯಬೇಕು, ಬೀಳುವಾಗ ತಲೆಯಲ್ಲೇ ಉಳಿಯಬೇಕು ಅಂತ. ಅದರ ಪರೀಕ್ಷೆ ಮುಂದೆ, ಹಿಂದೆ, ಬದಿಗಳಿಗೂ ನಡೆಯುತ್ತದೆ. ಹಗ್ಗದ ಮೇಲೆ ನೇತಾಡಿ ಕೆಲಸ ಮಾಡುವವರಿಗೆ ಎರಡನೆಯದು ಸರಿ, ಬೆಲೆ ಮಾತ್ರ ಹಲವು ಪಟ್ಟು. ನಮ್ಮಂಥ ಸೈಟಿಗೆ ಮೊದಲನೆಯದು ಸಾಕು, ಪಟ್ಟಿ ಹಾಕಿಕೊಂಡರೆ.

ಈಗ ಹೆಣ್ಣಾಳುಗಳ ವಿಷಯ. ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಂಕ್ರೀಟಿನ ಬಾಂಡಲಿ ಹೊರುವ ಹೆಂಗಸರು ತಲೆಯ ಮೇಲೆ ಸಿಂಬೆ ಇಡುತ್ತಾರೆ. ಹೆಲ್ಮೆಟ್ ಹಾಕಿ ಬಾಂಡಲಿ ಹೊರಲಾಗದು. ಹಾಗಾಗಿ ಸೈಟಿನಲ್ಲಿ ಎಲ್ಲರಿಗೂ ಹೆಲ್ಮೆಟ್ ಬಂದ ಮೇಲೂ ಸ್ಲ್ಯಾಬಿನ ಕೆಳಗೆ ಅತಿ ಹೆಚ್ಚು ಓಡಾಡುವ ಅವರೇ ಬರಿತಲೆಯಲ್ಲಿ ಉಳಿಯುತ್ತಾರೆ. ಪರಿಹಾರ ಹೆಲ್ಮೆಟ್ಟಿನ ಅಂಗಡಿಯಲ್ಲಿಲ್ಲ. ಮಿಕ್ಸರ್ ಜೊತೆ ಲಿಫ್ಟ್ ತರಿಸಿ, ತಲೆಹೊರೆ ನಿಲ್ಲಿಸಿ, ಆಮೇಲೆ ಅವರ ಕೈಗೆ ಹೆಲ್ಮೆಟ್ ಕೊಡಬೇಕು. ನಾವು ಹಾಗೆ ಮಾಡಿದೆವು. ಆಗ ತುರುಬಿನ ತೊಡಕು ಎದುರಾಯಿತು: ಹಿಂದಿನ ಪಟ್ಟಿ ಸರಿಯಾಗಿ ತುರುಬಿನ ಮೇಲೆ ಕೂತು ಹೆಲ್ಮೆಟ್ ಹಣೆಗೆ ಜಗ್ಗುತ್ತಿತ್ತು. ಹಿಂಪಟ್ಟಿಯನ್ನು ಮೇಲೆ-ಕೆಳಗೆ ಸರಿಸಲು ಬರುವ ರಾಚೆಟ್ ಮಾದರಿ ತರಿಸಿದೆ. ಪಟ್ಟಿ ತುರುಬಿನ ಕೆಳಗೆ ಕೂತಿತು. ಗಂಡಸರ ಅಳತೆಗೆ ಮಾಡಿದ ಹೆಲ್ಮೆಟ್ ಕೆಲವರಿಗೆ ಪೂರ್ತಿ ಬಿಗಿ ಮಾಡಿದರೂ ಸಡಿಲ. ಕೊಳ್ಳುವಾಗ ಅತಿ ಕಡಿಮೆ ಅಳತೆ ಎಷ್ಟು ಸೆಂಟಿಮೀಟರ್ ಅಂತ ಡಬ್ಬಿಯ ಮೇಲೆ ನೋಡಿಕೊಳ್ಳಿ.

ಸೈಟ್ ಹೆಲ್ಮೆಟ್ಟಿನಲ್ಲೇ ಬೈಕ್ ಓಡಿಸಿಕೊಂಡು ಬರುವವರನ್ನು ದಿನವೂ ಹೆದ್ದಾರಿ 66ರಲ್ಲಿ ಕಾಣುತ್ತೇನೆ, ಕಂಡಾಗಲೆಲ್ಲ ಸಂಕಟವಾಗುತ್ತದೆ. ನಮ್ಮ ದೇಶದ ಮಾನದಂಡ ಬೈಕಿನದ್ದಕ್ಕೆ ಐಎಸ್ 4151, ಸೈಟಿನದ್ದಕ್ಕೆ ಐಎಸ್ 2925. ಒಂದರ ಕೆಲಸ ಇನ್ನೊಂದಕ್ಕೆ ಬರುವುದಿಲ್ಲ. ರಸ್ತೆಗೆ ತಲೆ ಬಡಿದರೆ ಬೇಕಾಗುವ ದಪ್ಪ ಥರ್ಮಾಕೋಲ್ ಪದರ ಸೈಟ್ ಹೆಲ್ಮೆಟ್ಟಿನಲ್ಲಿ ಇಲ್ಲ.

ಬಣ್ಣದ ಬಗ್ಗೆ ಕೇಳುವವರಿಗೆ: ಇಂಜಿನಿಯರಿಗೆ ಬಿಳಿ, ಕೆಲಸಗಾರರಿಗೆ ಹಳದಿ, ಇಲೆಕ್ಟ್ರಿಶಿಯನ್ನರಿಗೆ ನೀಲಿ ಅನ್ನುವುದು ರೂಢಿ, ಸೈಟಿನಿಂದ ಸೈಟಿಗೆ ಬದಲಾಗುತ್ತದೆ. ಬಿಸಿಲಿಗೂ ಮಳೆಯ ಮಬ್ಬಿಗೂ ಹಳದಿ ಚೆನ್ನ.

ಖರೀದಿಗೆ ಹೋದಾಗ ಚಿಪ್ಪಿನ ಒಳಗೆ ಐಎಸ್‌ಐ ಗುರುತು, ಅದರ ಮೇಲೆ ಐಎಸ್ 2925, ಕೆಳಗೆ ಸಿಎಂ/ಎಲ್ ಅನ್ನುವ ಪರವಾನಗಿ ಸಂಖ್ಯೆ ಇದೆಯಾ ನೋಡಿ. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಪರವಾನಗಿ ಯಾರದ್ದು, ಚಾಲ್ತಿಯಲ್ಲಿದೆಯಾ ಅನ್ನುವುದು ಗೊತ್ತಾಗುತ್ತದೆ. ಜೊತೆಗೆ ಬಿಡಿ ಒಳಪಟ್ಟಿ ಸಿಗುತ್ತದಾ ಅಂತ ಕೇಳಿ. ನಮ್ಮ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹೆಲ್ಮೆಟ್ ಸಾಲಾಗಿ ತೂಗಾಡುತ್ತವೆ, ಬಿಡಿ ಪಟ್ಟಿ ಕೇಳಿದರೆ ಹುಬ್ಬಳ್ಳಿಯಿಂದ ತರಿಸಬೇಕು ಅನ್ನುತ್ತಾರೆ. ನಾನು ಈ ಸಲ ಹೆಲ್ಮೆಟ್ಟಿನ ಜೊತೆಗೇ ಅಷ್ಟೇ ಪಟ್ಟಿಗಳಿಗೂ ಆರ್ಡರ್ ಕೊಟ್ಟು, ಎರಡೂ ಒಟ್ಟಿಗೆ ಬಂದರೆ ಮಾತ್ರ ದುಡ್ಡು ಅಂತ ಹೇಳಿ ಬಂದಿದ್ದೇನೆ.